ಡಬ್ಬಿ ಡಬ್ಬಿ ಕನ್ನಡ, ಹದಿನೆಂಟು ತಿಂಗಳ ಮಾತು

2012ರ ಯುಗಾದಿ ಹೊತ್ತಿಗೆ ನನ್ನ ಮೊದಲ ಸ್ಮಾರ್ಟ್‌ಫೋನ್ ತಗೊಂಡೆ. ಯಾವ ಕಂಪನಿದು ಅನ್ನೋದು ಬೇಡ ಬಿಡಿ. ಸಂಬಳ ಬಿದ್ದ ಎರಡನೇ ದಿನವೇ ಎಸ್.ಪಿ. ರೋಡಿಗೆ ಹೋಗಿ, ಮೂರು ಅಂಗಡಿ ಹತ್ತಿಳಿದು, ಇನ್ನೂರು ರೂಪಾಯಿ ಚೌಕಾಸಿ ಮಾಡಿ ತಂದಿದ್ದು. ಒಳಗೆ ಆಂಡ್ರಾಯ್ಡ್ 2.3, ಅಂದರೆ ಜಿಂಜರ್‌ಬ್ರೆಡ್. ರೂಮಿಗೆ ಬಂದವನೇ ಮೊದಲು ತೆಗೆದದ್ದು ಕನ್ನಡ ಪೇಪರಿನ ವೆಬ್‌ಸೈಟು. ಪುಟ ತುಂಬಾ ಖಾಲಿ ಚೌಕಗಳು. ಹೆಡ್‌ಲೈನೂ ಡಬ್ಬಿ, ಕೆಳಗಿನ ಸುದ್ದಿಯೂ ಡಬ್ಬಿ. ಊರಲ್ಲಿ ಅಪ್ಪ ಮೂರೂವರೆ ರೂಪಾಯಿ ಕೊಟ್ಟು ಓದ್ತಿದ್ದ ಅದೇ ಸುದ್ದಿ ನನ್ನ ಸಾವಿರಾರು ರೂಪಾಯಿ ಫೋನಿನಲ್ಲಿ ಕಾಣ್ತಿರಲಿಲ್ಲ.

ಆ ಕಾಲದವರಿಗೆ ಇದಕ್ಕಿದ್ದ ಮದ್ದು ನೆನಪಿರತ್ತೆ. ಒಪೆರಾ ಮಿನಿ ಹಾಕ್ಕೊಂಡು, ಅಡ್ರೆಸ್ ಬಾರಿನಲ್ಲಿ ‘ಕಾನ್ಫಿಗ್’ ಅಂತ ಹೊಡೆದು, ಬಿಟ್‌ಮ್ಯಾಪ್ ಫಾಂಟ್ ಅನ್ನೋ ಆಯ್ಕೆಗೆ ‘ಯೆಸ್’ ಕೊಡಬೇಕಿತ್ತು. ಆಗ ಎಲ್ಲೋ ದೂರದ ಸರ್ವರು ಕನ್ನಡ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸೋದು. ಸ್ವಲ್ಪ ಮಸುಕು, ಸ್ವಲ್ಪ ನಿಧಾನ, ಆದರೂ ಕನ್ನಡ. ಎಷ್ಟು ಜನ ಈ ಉಪಾಯವನ್ನು ಬಾಯಿಂದ ಬಾಯಿಗೆ ದಾಟಿಸಿದ್ದೇವೋ ಲೆಕ್ಕವಿಲ್ಲ.

ಅದೇ ವರ್ಷ ಆಂಡ್ರಾಯ್ಡ್ 4.1 ಬಂತು, ಜೆಲ್ಲಿ ಬೀನ್. ಅದರಲ್ಲಿ ಕನ್ನಡ, ತೆಲುಗು, ಮಲಯಾಳಂ ಅಕ್ಷರಗಳು ಫೋನಿನೊಳಗೇ ಇದ್ದವು. ಅಂದರೆ ನನ್ನ ಕಷ್ಟಕ್ಕೆ ಪರಿಹಾರ ಸಿದ್ಧವಾಗಿತ್ತು, ಬಿಟ್ಟಿಯಾಗೂ ಇತ್ತು. ನನ್ನ ಫೋನಿಗೆ ಮಾತ್ರ ಬರಲಿಲ್ಲ. ಆ ಕಂಪನಿಯವರು ಅದರ ಬದಲು ಹೊಸ ಮಾಡೆಲ್ ಬಿಟ್ಟರು. ಆಮೇಲೆ ಇನ್ನೊಂದು ಬಿಟ್ಟರು. ಮಾಡೆಲ್ ಹೆಚ್ಚೋ ಕಮ್ಮಿಯೋ ಅನ್ನೋ ಚರ್ಚೆ ಬಂದಾಗಲೆಲ್ಲ ನನಗೆ ಆ ಡಬ್ಬಿಗಳೇ ಕಣ್ಣ ಮುಂದೆ ಬರ್ತವೆ.

ಹಾಗಂತ ರಾಶಿ ಮಾಡೆಲ್ ಬಿಡೋದೇ ಪಾಪ ಅನ್ನೋಕಾಗಲ್ಲ. ನೋಕಿಯಾ ನೋಡಿ. ಅವರಷ್ಟು ಬಗೆಬಗೆಯ ಫೋನ್ ಮಾಡಿದವರು ಕಮ್ಮಿ: ದುಂಡಗಿದ್ದದ್ದು, ಎಲೆಯಾಕಾರದ್ದು, ಆಟ ಆಡೋಕೆ ಅಂತಲೇ ಮಾಡಿದ್ದು. ಆದರೆ ಅಗ್ಗದ 1100ಗೂ, ದುಬಾರಿ 6600ಗೂ, ಆಮೇಲಿನ ಎನ್70ಗೂ ಬ್ಯಾಟರಿ ಒಂದೇ, ಬಿಎಲ್-5ಸಿ. ಮನೆಯಲ್ಲಿ ನಾಲ್ಕು ನೋಕಿಯಾ ಇದ್ದರೆ ಒಬ್ಬರದ್ದು ತೆಗೆದು ಇನ್ನೊಬ್ಬರದ್ದಕ್ಕೆ ಹಾಕಬಹುದಿತ್ತು. ಚಾರ್ಜರೂ ಊರಿಗೊಂದೇ ಅನ್ನೋ ಥರ. 2003ರಲ್ಲಿ ಬಂದ 1100 ಜಗತ್ತಿನಲ್ಲಿ ಸುಮಾರು 25 ಕೋಟಿ ಮಾರಾಟವಾಯಿತು. ಬಿಎಲ್-5ಸಿ ಅಂತೂ ಈಗಲೂ ಸತ್ತಿಲ್ಲ, ಭಜನೆ ಹಾಡೋ ಸಣ್ಣ ಸ್ಪೀಕರುಗಳ ಬೆನ್ನು ತೆಗೆದು ನೋಡಿ, ಅಲ್ಲೇ ಕೂತಿರತ್ತೆ.

ಒಂದೇ ಸಾಮಾನು ಎಲ್ಲ ಕಡೆ ಇದ್ದರೆ ಅಪಾಯವೂ ಎಲ್ಲ ಕಡೆ ಇರತ್ತೆ ಅನ್ನಿ. 2007ರ ಆಗಸ್ಟಿನಲ್ಲಿ ಮತ್ಸುಶಿತಾ ಕಂಪನಿ ಮಾಡಿಕೊಟ್ಟಿದ್ದ 4.6 ಕೋಟಿ ಬಿಎಲ್-5ಸಿ ಬ್ಯಾಟರಿ ಬಿಸಿಯಾಗಬಹುದು ಅಂತ ನೋಕಿಯಾನೇ ಎಚ್ಚರಿಸಿತು. ನಮ್ಮಲ್ಲಿ ಜನ ಬ್ಯಾಟರಿ ತಿರುಗಿಸಿ ನಂಬರ್ ನೋಡ್ಕೊಂಡದ್ದೇ ನೋಡ್ಕೊಂಡದ್ದು. ಆದರೂ ಬದಲಿಸಿಕೊಡೋದು ಸಾಧ್ಯವಾಯಿತು, ಯಾಕಂದ್ರೆ ಬದಲಿಸಬೇಕಾದ ಸಾಮಾನು ಒಂದೇ ಇತ್ತು.

ಆಗ ಫೋನ್ ಅಂದರೆ ಮಾರಿದ ಮೇಲೆ ಮುಗಿದ ವಸ್ತು. ಸ್ಮಾರ್ಟ್‌ಫೋನ್ ಹಾಗಲ್ಲ. ಅದರ ಸಾಫ್ಟ್‌ವೇರಿನಲ್ಲಿ ವರ್ಷ ಪೂರ್ತಿ ತೂತು ಕಾಣ್ತಾನೇ ಇರತ್ತೆ, ಮುಚ್ತಾನೇ ಇರಬೇಕು. ಮುಚ್ಚೋ ಕೆಲಸ ಎಷ್ಟು ಕೈ ದಾಟಬೇಕು ಗೊತ್ತಾ? ಗೂಗಲ್ ಹೊಸ ಆವೃತ್ತಿ ಬಿಟ್ಟ ಮೇಲೆ ಚಿಪ್ ಮಾಡಿದವರು ತಮ್ಮ ಚಿಪ್ಪಿಗೆ ಬೇಕಾದ ಡ್ರೈವರುಗಳನ್ನು ಬರೆದುಕೊಡಬೇಕು. ಆಮೇಲೆ ಫೋನ್ ಕಂಪನಿ ತನ್ನ ಕ್ಯಾಮೆರಾ, ತನ್ನ ಪರದೆ, ತನ್ನ ಬಣ್ಣದ ಮೆನುಗಳನ್ನೆಲ್ಲ ಕೂಡಿಸಿ ಪರೀಕ್ಷೆ ಮಾಡಬೇಕು. ಕೆಲವು ದೇಶಗಳಲ್ಲಿ ಸಿಮ್ ಕಂಪನಿಯ ಒಪ್ಪಿಗೆಯೂ ಬೇಕು. ಇಷ್ಟನ್ನೂ ಪ್ರತಿ ಮಾಡೆಲ್ಲಿಗೂ ಬೇರೆ ಬೇರೆಯಾಗಿ ಮಾಡಬೇಕು. ಹೆಸರು ಒಂದೇ ಇದ್ದರೂ ಒಳಗೆ ಎರಡು ಫೋನ್ ಇರಬಹುದು. 2013ರ ಗ್ಯಾಲಕ್ಸಿ ಎಸ್4 ಕೆಲವು ದೇಶಗಳಲ್ಲಿ ಸ್ನ್ಯಾಪ್‌ಡ್ರ್ಯಾಗನ್ ಚಿಪ್ಪಿನದ್ದು, ನಮ್ಮಲ್ಲಿ ಬಂದದ್ದು ಎಕ್ಸಿನೋಸ್ ಚಿಪ್ಪಿನದ್ದು. ಒಂದಕ್ಕೆ ಮಾಡಿದ ಅಪ್‌ಡೇಟ್ ಇನ್ನೊಂದಕ್ಕೆ ನಡೆಯಲ್ಲ. ಓಪನ್‌ಸಿಗ್ನಲ್ ಅನ್ನೋ ಸಂಸ್ಥೆ 2012ರಲ್ಲಿ ತನ್ನ ಆ್ಯಪ್ ಬಳಸಿದ ಬೇರೆ ಬೇರೆ ಆಂಡ್ರಾಯ್ಡ್ ಸಾಧನಗಳನ್ನು ಎಣಿಸಿದಾಗ 3,997 ಬಗೆ ಸಿಕ್ಕಿದ್ದವು. ಎರಡು ವರ್ಷ ಬಿಟ್ಟು 2014ರಲ್ಲಿ ಎಣಿಸಿದರೆ 18,796. ಬೆಂಗಳೂರಿನಲ್ಲಿ ಆ್ಯಪ್ ಟೆಸ್ಟಿಂಗ್ ಮಾಡಿದವರಿಗೆ ಈ ಸಂಖ್ಯೆ ಯಾರೂ ಬಿಡಿಸಿ ಹೇಳಬೇಕಿಲ್ಲ. ನಾವೂ ಒಂದು ಡ್ರಾಯರ್ ತುಂಬಾ ಫೋನ್ ಇಟ್ಕೊಂಡು, ರಬ್ಬರ್ ಬ್ಯಾಂಡಲ್ಲಿ ಚಾರ್ಜರ್ ಕಟ್ಕೊಂಡು ಕೂತವರೇ.

ಹದಿನೆಂಟು ತಿಂಗಳ ಮಾತು ಅಂದೆನಲ್ಲ, ಅದು 2011ರ ಮೇ ತಿಂಗಳದ್ದು. ಗೂಗಲ್‌ನವರು ತಮ್ಮ ವಾರ್ಷಿಕ ಸಮ್ಮೇಳನದಲ್ಲಿ ಸ್ಯಾಮ್‌ಸಂಗ್, ಎಚ್‌ಟಿಸಿ, ಎಲ್‌ಜಿ, ಮೋಟೊರೋಲಾ, ಸೋನಿ ಎರಿಕ್ಸನ್ ಎಲ್ಲರ ಹೆಸರನ್ನೂ ಸೇರಿಸಿ ಒಂದು ಘೋಷಣೆ ಮಾಡಿದರು: ಹೊಸ ಫೋನುಗಳಿಗೆ ಹದಿನೆಂಟು ತಿಂಗಳು ಅಪ್‌ಡೇಟ್ ಸಿಗತ್ತೆ. ಜೊತೆಗೊಂದು ಷರತ್ತು, ‘ಹಾರ್ಡ್‌ವೇರ್ ಒಪ್ಪಿದರೆ’. ಆ ಷರತ್ತಿನೊಳಗೆ ಇಡೀ ಮಾತು ಮುಳುಗಿಹೋಯಿತು. ಕೆಲವೇ ತಿಂಗಳಲ್ಲಿ ಆ ಒಕ್ಕೂಟದ ಹೆಸರೆತ್ತೋರೇ ಇರಲಿಲ್ಲ. 2014ರ ಆರಂಭದಲ್ಲೂ ಆಂಡ್ರಾಯ್ಡ್ ಬಳಸೋ ಸುಮಾರು ಐದು ಸಾಧನಗಳಲ್ಲಿ ಒಂದು ನನ್ನ ಹಳೇ ಜಿಂಜರ್‌ಬ್ರೆಡ್ಡಿನಲ್ಲೇ ಇತ್ತು.

ಆ ವರ್ಷದ ಸೆಪ್ಟೆಂಬರಿನಲ್ಲಿ, ನನ್ನ ಮಟ್ಟಿಗೆ ಈ ಇಡೀ ಕಥೆಯ ಅತ್ಯಂತ ಕುತೂಹಲದ ಪ್ರಯೋಗ ನಡೆದದ್ದು ನಮ್ಮ ದೇಶದಲ್ಲೇ. ಸುಂದರ್ ಪಿಚೈ ದೆಹಲಿಗೆ ಬಂದು ಆಂಡ್ರಾಯ್ಡ್ ಒನ್ ಬಿಡುಗಡೆ ಮಾಡಿದರು. ಮೈಕ್ರೋಮ್ಯಾಕ್ಸ್ ಕ್ಯಾನ್ವಾಸ್ ಎ1, ಕಾರ್ಬನ್ ಸ್ಪಾರ್ಕಲ್ ವಿ, ಸ್ಪೈಸ್ ಡ್ರೀಮ್ ಉನೊ. ಹೆಸರು ಮೂರು, ಒಳಗೆ ಒಂದೇ ಮೀಡಿಯಾಟೆಕ್ ಚಿಪ್ಪು, ಬೆಲೆ ಸುಮಾರು 6,400 ರೂಪಾಯಿ. ಸಾಫ್ಟ್‌ವೇರ್ ಗೂಗಲ್‌ದೇ, ಅಪ್‌ಡೇಟೂ ಅವರೇ ಕಳಿಸೋದು. ಕಮ್ಮಿ ಬಗೆ, ಒಳ್ಳೇ ಆರೈಕೆ, ಬಡವರ ಬೆಲೆ. ಕೊಟ್ಟ ಮಾತನ್ನೂ ಉಳಿಸಿಕೊಂಡರು. ಆ ಫೋನುಗಳು ಲಾಲಿಪಾಪ್ ದಾಟಿ ಮಾರ್ಷ್‌ಮೆಲೋವರೆಗೆ ಹೋದವು. ಆ ಬೆಲೆಯ ಬೇರೆ ಫೋನುಗಳಿಗೆ ಅದು ಕನಸು.

ಆದರೆ ಓಡಲಿಲ್ಲ. ಮೊದಲು ಮೂರನ್ನೂ ಆನ್‌ಲೈನಿನಲ್ಲಿ ಮಾತ್ರ ಮಾರಿದರು, ಅಮೆಜಾನಿಗೆ ಒಂದು, ಸ್ನ್ಯಾಪ್‌ಡೀಲಿಗೆ ಒಂದು, ಫ್ಲಿಪ್‌ಕಾರ್ಟಿಗೆ ಒಂದು. ಆಗ ಈ ಬೆಲೆಯ ಫೋನ್ ಕೊಳ್ಳೋರು ಇದ್ದದ್ದು ತುಮಕೂರು, ದಾವಣಗೆರೆಯಂಥ ಊರುಗಳ ಮೊಬೈಲ್ ಅಂಗಡಿಗಳ ಮುಂದೆ. ಆಮೇಲೆ ಅಂಗಡಿಗೆ ತಂದಾಗ ಅಂಗಡಿಯವರಿಗೆ ಸಿಟ್ಟಿತ್ತು. ಕಂಪನಿಗಳಿಗೂ ಉತ್ಸಾಹವಿರಲಿಲ್ಲ. ಮೂರೂ ಒಂದೇ ಅಂದಮೇಲೆ ನಮ್ಮದೇ ತಗೊಳ್ಳಿ ಅಂತ ಯಾವ ಬಾಯಲ್ಲಿ ಹೇಳೋದು? ಅದೇ ತಿಂಗಳು ಶಿಯೋಮಿಯ ರೆಡ್‌ಮಿ 1ಎಸ್ 5,999ಕ್ಕೆ ಬಂದು ಇವರ ಗಿರಾಕಿಗಳನ್ನು ಎಳೆದುಕೊಂಡಿತು.

ಇಲ್ಲೇ ನನಗೆ ವಿಷಯ ಅರ್ಥವಾಗಿದ್ದು. ಇಷ್ಟೊಂದು ಮಾಡೆಲ್ ಯಾರಿಗೋಸ್ಕರ? ನಾವು ‘ಗಿರಾಕಿಗೆ ಆಯ್ಕೆ ಬೇಕು’ ಅಂದ್ಕೊಂಡಿದ್ದೀವಿ. ಬಹಳಷ್ಟು ಮಾಡೆಲ್‌ಗಳು ಹುಟ್ಟೋದು ಮಾರೋರಿಗೋಸ್ಕರ. 2020ರ ಗ್ಯಾಲಕ್ಸಿ ಎಂ31 ಮತ್ತು ಎಫ್41 ಅಕ್ಕಪಕ್ಕ ಇಡಿ. ಚಿಪ್ಪು ಅದೇ, 6,000 ಎಂಎಎಚ್ ಬ್ಯಾಟರಿ ಅದೇ. ಒಂದು ಅಮೆಜಾನಿನದ್ದು, ಇನ್ನೊಂದು ಫ್ಲಿಪ್‌ಕಾರ್ಟಿನದ್ದು. ಮಾಡೆಲ್ ನಂಬರ್ ಬೇರೆಯಾದರೆ ‘ಅಲ್ಲಿ ಐನೂರು ಕಮ್ಮಿ ಇದೆಯಲ್ಲ’ ಅಂತ ಕೇಳೋ ಹಾಗಿಲ್ಲ ನೋಡಿ. ಇದೇ ಸ್ಯಾಮ್‌ಸಂಗಿನವರು 2014ರ ನವೆಂಬರಿನಲ್ಲಿ, ಬರೋ ವರ್ಷ ಮಾಡೆಲ್‌ಗಳನ್ನು ಶೇಕಡಾ 25ರಿಂದ 30ರಷ್ಟು ಇಳಿಸ್ತೀವಿ ಅಂತ ಹೂಡಿಕೆದಾರರ ಮುಂದೆ ಹೇಳಿದ್ದರು.

ಹಾಗಾದರೆ ಆಪಲ್ ದಾರಿಯೇ ಸರಿಯಾ? 1997ರಲ್ಲಿ ಸ್ಟೀವ್ ಜಾಬ್ಸ್ ವಾಪಸ್ ಬಂದು ಹತ್ತಾರು ಕಂಪ್ಯೂಟರ್ ಮಾಡೆಲ್‌ಗಳನ್ನು ನಾಲ್ಕು ಮನೆಯ ಚೌಕಕ್ಕೆ ಇಳಿಸಿದ ಕಥೆ ಎಲ್ಲ ಮ್ಯಾನೇಜರುಗಳೂ ಪಿಪಿಟಿಯಲ್ಲಿ ಹಾಕ್ತಾರೆ. ಅದರ ಫಲವೂ ನಿಜ. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ ಒಂದು ಸೆಕ್ಯೂರಿಟಿ ಅಪ್‌ಡೇಟ್ ಬಂತು. ಆದರೆ ಅದು ನಮ್ಮಲ್ಲಿ ಬಂದಾಗ ಬೆಲೆ 53,500. ಎರಡು ಸಿಮ್ ಹಾಕೋ ಐಫೋನ್ ಬರೋಕೆ 2018 ಆಗಬೇಕಾಯಿತು. ನಮ್ಮ ಊರಿನವರಿಗೆ ಎರಡು ಸಿಮ್ ಶೋಕಿಯಲ್ಲ. ಒಂದರ ಸಿಗ್ನಲ್ ತೋಟದಲ್ಲಿ ಸಿಗತ್ತೆ, ಇನ್ನೊಂದರದ್ದು ಮನೆಯಲ್ಲಿ. ಇದನ್ನು ಮೊದಲು ಅರ್ಥ ಮಾಡ್ಕೊಂಡು ಕೊಟ್ಟವರು ಮೈಕ್ರೋಮ್ಯಾಕ್ಸ್‌ನಂಥ, ವಾರಕ್ಕೊಂದು ಮಾಡೆಲ್ ಬಿಡ್ತಾರೇನೋ ಅನ್ನಿಸ್ತಿದ್ದ ಕಂಪನಿಗಳೇ. ನೋಕಿಯಾನೂ ಸರಿಯಾಗಿ ಎರಡು ಸಿಮ್ಮಿಗೆ ಇಳಿದದ್ದು 2011ರ ಹೊತ್ತಿಗೆ. ಕರೆಂಟೇ ಇಲ್ಲದ ಹಳ್ಳಿಗೆ ತಿಂಗಳುಗಟ್ಟಲೆ ಬರೋ ಬ್ಯಾಟರಿ ಬೇಕು ಅನ್ನೋದನ್ನು ಕ್ಯಾಲಿಫೋರ್ನಿಯಾದಲ್ಲಿ ಕೂತು ಯಾರೂ ಯೋಚಿಸಿರಲಿಲ್ಲ. ಅದಕ್ಕೇ ನಾನು ಬಗೆಬಗೆ ಬೇಡ ಅನ್ನಲ್ಲ. ಹೊರಗೆ ಬೇಕಾದಷ್ಟು ಬಗೆ ಮಾಡಿ, ಒಳಗೆ ಬಿಎಲ್-5ಸಿ ಥರ ಒಂದೇ ಇರಲಿ ಅಂತೀನಿ. ಎಷ್ಟು ವರ್ಷ ನೋಡ್ಕೊಳ್ಳೋಕಾಗತ್ತೋ ಅಷ್ಟೇ ಮಾಡೆಲ್ ಬಿಡಿ ಅಂತೀನಿ.

2015ರಲ್ಲಿ ಸ್ಟೇಜ್‌ಫ್ರೈಟ್ ಅನ್ನೋ ತೂತು ಬಯಲಾದ ಮೇಲೆ ಪರಿಸ್ಥಿತಿ ಸ್ವಲ್ಪ ಬದಲಾಯಿತು. ಬರೀ ಒಂದು ಎಂಎಂಎಸ್ ಕಳಿಸಿ ಫೋನಿನೊಳಗೆ ನುಗ್ಗಬಹುದಿತ್ತು. ಗೂಗಲ್ ತಿಂಗಳಿಗೊಂದು ಸೆಕ್ಯೂರಿಟಿ ಅಪ್‌ಡೇಟ್ ಶುರು ಮಾಡಿತು. 2017ರಲ್ಲಿ ಆಂಡ್ರಾಯ್ಡನ್ನೂ ಚಿಪ್ಪಿನ ಭಾಗವನ್ನೂ ಬೇರೆ ಮಾಡೋ ಪ್ರಾಜೆಕ್ಟ್ ಟ್ರೆಬಲ್ ಬಂತು. 2023ರ ಪಿಕ್ಸೆಲ್ 8ಕ್ಕೆ, 2024ರ ಗ್ಯಾಲಕ್ಸಿ ಎಸ್24ಗೆ ಏಳು ವರ್ಷದ ಮಾತು ಕೊಟ್ಟಿದ್ದಾರೆ. ಎರಡೂ ದುಬಾರಿ ಫೋನುಗಳು, ಗಮನಿಸಿ. ನೆದರ್ಲೆಂಡ್ಸಿನ ಸಣ್ಣ ಕಂಪನಿ ಫೇರ್‌ಫೋನ್, ಚಿಪ್ ಕಂಪನಿ ಕೈಬಿಟ್ಟ ಮೇಲೂ ತನ್ನ 2015ರ ಫೇರ್‌ಫೋನ್ 2 ಅನ್ನು 2023ರವರೆಗೆ ನಡೆಸಿತು. ಸಣ್ಣವರಿಗೆ ಆದದ್ದು ದೊಡ್ಡವರಿಗೆ ಆಗಲ್ಲ ಅಂದರೆ ನಾನು ನಂಬಲ್ಲ.

ಹೋದ ತಿಂಗಳು ಅಮ್ಮನ ಫೋನಿನಲ್ಲಿ ಬ್ಯಾಂಕಿನ ಆ್ಯಪ್ ನಿಂತುಹೋಯಿತು. ‘ಈ ಫೋನಿಗೆ ಸಪೋರ್ಟ್ ಇಲ್ಲ’ ಅಂತ ಬರತ್ತಂತೆ. ಪರದೆಗೆ ಒಂದು ಗೀರಿಲ್ಲ, ಬ್ಯಾಟರಿ ದಿನ ಪೂರ್ತಿ ಬರತ್ತೆ. ‘ಚೆನ್ನಾಗೇ ಇದೆಯಲ್ಲೋ, ಏನಾಯ್ತು ಇದಕ್ಕೆ?’ ಅಂತ ಕೇಳಿದರು. ಪೆನ್ಷನ್ ಬಂತಾ ಅಂತ ನೋಡೋಕೆ ಈಗ ಬಸ್ ಹತ್ತಿ ಬ್ಯಾಂಕಿಗೆ ಹೋಗ್ತಾರೆ. ಹೊಸದು ಕೊಡಿಸೋಣ ಅಂತ ಮತ್ತೆ ಅಂಗಡಿಗೆ ಹೋದೆ.

‘ಅಣ್ಣ, ಇದಕ್ಕೆ ಎಷ್ಟು ವರ್ಷ ಅಪ್‌ಡೇಟ್ ಬರತ್ತೆ?’

ಹುಡುಗ ಡಬ್ಬ ತಿರುಗಿಸಿ ನಾಲ್ಕೂ ಬದಿ ನೋಡಿದ. ‘ಅದನ್ನ ಇದರ ಮೇಲೆ ಹಾಕಲ್ಲ ಸಾರ್. 50 ಮೆಗಾಪಿಕ್ಸೆಲ್ ಅಂತ ಇದೆ. ಬೇಡ ಅಂದ್ರೆ ಇದರಲ್ಲೇ ಇನ್ನೂ ಆರು ಮಾಡೆಲ್ ಇದೆ, ತೋರಿಸ್ಲಾ?’