ಉತಾರದಲ್ಲಿ ಕಾಣದ ಸಾಲ: ನರೇಗಲ್ ಸೀಮೆಯ ಸಣ್ಣ ರೈತರು

ಗದಗ ಜಿಲ್ಲೆಯ ನರೇಗಲ್ ಎರಿ ಹೊಲದ ಊರು. ಮೊದಲು ರೋಣ ತಾಲ್ಲೂಕಿನಲ್ಲಿತ್ತು, ಈಗ ಗಜೇಂದ್ರಗಡ ತಾಲ್ಲೂಕಿಗೆ ಸೇರಿದೆ. ಇಲ್ಲಿಯ ಒಂದು ಒಕ್ಕಲು ಮನೆಗೆ ಹೋಗಿ ಸಾಲ ಎಷ್ಟಿದೆ ಎಂದು ಕೇಳಿದರೆ ಎರಡು ಲೆಕ್ಕ ಹೇಳಬೇಕಾಗುತ್ತದೆ. ಒಂದು, ಉತಾರದ, ಅಂದರೆ ಪಹಣಿಯ, 11ನೇ ಕಾಲಂನಲ್ಲಿ ಬೋಜಾ ಆಗಿ ಕೂತಿರುವ ಬ್ಯಾಂಕಿನ, ಸೊಸೈಟಿಯ ಸಾಲ. ಇನ್ನೊಂದು ಎಲ್ಲಿಯೂ ಬರೆಯದ್ದು: ಗೊಬ್ಬರದ ಅಂಗಡಿಯ ಉದ್ರಿ, ದಲಾಲಿ ಅಂಗಡಿಯ ಮುಂಗಡ, ಬೀಗರಿಂದ ತಂದ ಕೈಗಡ, ಮನೆಯ ಹೆಣ್ಣುಮಗಳ ಹೆಸರಿನಲ್ಲಿರುವ ಸಂಘದ ಸಾಲ. ಮನ್ನಾ, ಬಡ್ಡಿ ರಿಯಾಯಿತಿ, ವಿಮೆ ಎಲ್ಲವೂ ಮೊದಲನೆಯ ಲೆಕ್ಕವನ್ನು ನೋಡಿ ಮಾಡಿದಂಥವು. ಮನೆ ಮುರಿಯುವುದು ಬಹಳ ಸಲ ಎರಡನೆಯದರಿಂದ.

ಹದ ತಪ್ಪುವ ಮಳೆ

ಎರಿ ಮಣ್ಣು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಉತ್ತರಿ, ಹಸ್ತ, ಚಿತ್ತಿ ಮಳೆಗಳು ಒಳ್ಳೆಯ ಹದ ಕೊಟ್ಟರೆ ಹಿಂಗಾರಿಯ ಬಿಳಿಜೋಳ, ಕಡಲಿ, ಕುಸುಬಿ ಆಮೇಲೆ ಹನಿ ಬೀಳದಿದ್ದರೂ ಹೊಲದೊಳಗಿನ ತೇವದಲ್ಲೇ ಬೆಳೆದುಬಿಡುತ್ತವೆ. ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಹತ್ತಿ, ಮೆಣಸಿನಕಾಯಿ, ಈಚೆಗೆ ಗೋವಿನಜೋಳ. ಇವುಗಳಲ್ಲಿ ಹೆಸರಿನ ಪಾತ್ರ ದೊಡ್ಡದು. ಎರಡು, ಎರಡೂವರೆ ತಿಂಗಳಲ್ಲಿ ಕೈಗೆ ಬರುವ ಈ ಬೆಳೆ ಮಾರಿದ ದುಡ್ಡಿನಲ್ಲೇ ಹಿಂಗಾರಿ ಬಿತ್ತನೆಯ ಬೀಜ, ಗೊಬ್ಬರ ತರುವುದು ವಾಡಿಕೆ. ಹೆಸರು ಬಿಡಿಸುವ ಹೊತ್ತಿಗೆ ಮಳೆ ಹಿಡಿದರೆ ಕಾಯಿ ಗಿಡದಲ್ಲೇ ಮೊಳಕೆಯೊಡೆಯುತ್ತದೆ. ಆಗ ಹಿಂಗಾರಿಯೂ ಸಾಲದಿಂದಲೇ ಶುರುವಾಗುತ್ತದೆ.

ನರೇಗಲ್ ಸುತ್ತಲಿನ ಹೆಚ್ಚಿನ ಹೊಲಗಳು ಮಳೆಯನ್ನೇ ನಂಬಿವೆ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಲಾಯಿತು. ಅದಕ್ಕೂ ಮೊದಲು, 2009ರಲ್ಲಿ ಮತ್ತು 2019ರಲ್ಲಿ, ಇದೇ ಜಿಲ್ಲೆಯ ರೋಣ, ನರಗುಂದ ಭಾಗದ ಹೊಳೆದಂಡೆಯ ಊರುಗಳು ಮಲಪ್ರಭೆಯ ನೆರೆಯಲ್ಲಿ ಮುಳುಗಿದ್ದವು. ಬೆಳೆ ಹಾಳಾದಾಗ ಮಳೆಯಾಶ್ರಿತ ಹೊಲಕ್ಕೆ ವಿಪತ್ತು ಪರಿಹಾರ ನಿಧಿಯ 2022-26ರ ನಿಯಮದಂತೆ ಸಿಗುವುದು ಹೆಕ್ಟೇರಿಗೆ 8,500 ರೂಪಾಯಿ, ಅದೂ 2 ಹೆಕ್ಟೇರಿನವರೆಗೆ. ಎಕರೆಗೆ ಹಂಚಿದರೆ ಸುಮಾರು 3,400. ಬೀಜ, ಗೊಬ್ಬರ, ಗಳೆ ಬಾಡಿಗೆ, ಕಸ ತೆಗೆಸಿದ ಕೂಲಿ ಎಲ್ಲ ಸೇರಿಸಿ ನೋಡಿದವರಿಗೆ ಇದು ಯಾವ ಮೂಲೆಗೆ ಸಾಕಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಎರಡು ಬಡ್ಡಿ

ಕಾಗದದ ಮೇಲಿನ ಸಾಲ ಅಗ್ಗ. ಕರ್ನಾಟಕದ ಸಹಕಾರಿ ಸಂಘಗಳಲ್ಲಿ ಬೆಳೆ ಸಾಲಕ್ಕೆ ಬಡ್ಡಿಯೇ ಇಲ್ಲ. ಮೊದಲು 3 ಲಕ್ಷದವರೆಗೆ ಇದ್ದ ಮಿತಿಯನ್ನು 2023ರಲ್ಲಿ 5 ಲಕ್ಷಕ್ಕೆ ಏರಿಸಲಾಯಿತು. ಬ್ಯಾಂಕಿನ ಕಿಸಾನ್ ಕ್ರೆಡಿಟ್ ಕಾರ್ಡಿನಲ್ಲಿ 3 ಲಕ್ಷದವರೆಗಿನ ಬೆಳೆ ಸಾಲಕ್ಕೆ ಶೇ 7 ಬಡ್ಡಿ, ಗಡುವಿನೊಳಗೆ ಕಟ್ಟಿದರೆ ಶೇ 4. ಇದಕ್ಕಿಂತ ಒಳ್ಳೆಯ ಸಾಲ ಎಲ್ಲಿಯೂ ಸಿಗಲಾರದು.

ಆದರೆ ಮಿತಿ 5 ಲಕ್ಷ ಎಂದರೆ ಕೈಗೆ 5 ಲಕ್ಷ ಬರುತ್ತದೆ ಎಂದಲ್ಲ. ಯಾವ ಬೆಳೆಗೆ ಎಕರೆಗೆ ಎಷ್ಟು ಎಂದು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿ ನಿಗದಿ ಮಾಡುತ್ತದೆ. ಮೂರೋ ನಾಲ್ಕೋ ಎಕರೆಯವನಿಗೆ ಸಿಗುವುದು ಆ ಲೆಕ್ಕದಲ್ಲಿ. ಉಳಿದ ಖರ್ಚಿಗೆ, ಮಗಳ ಮದುವೆಗೆ, ಆಸ್ಪತ್ರೆಗೆ, ಸತ್ತ ಎತ್ತಿನ ಜಾಗಕ್ಕೆ ಇನ್ನೊಂದು ತರಲು ಅವನು ಊರೊಳಗಿನ ಸಾಲಕ್ಕೇ ಹೋಗಬೇಕು. ಊರಲ್ಲಿ ಬಡ್ಡಿ ಹೇಳುವುದು ನೂರಕ್ಕೆ, ತಿಂಗಳಿಗೆ. "ಮೂರರ ಬಡ್ಡಿ" ಎಂದರೆ ಕಿವಿಗೆ ಸಣ್ಣದಾಗಿ ಕೇಳಿಸುತ್ತದೆ, ವರ್ಷಕ್ಕೆ ಶೇ 36 ಆಗುತ್ತದೆ. 50,000 ತಂದವನು ಒಂದು ಬೆಳೆ ಕಳೆದುಕೊಂಡು ವರ್ಷ ದೂಡಿದರೆ ಬಡ್ಡಿಯೇ 18,000.

ಈ ಎರಡು ಸಾಲಗಳು ಬೇರೆಬೇರೆಯಾಗಿ ನಿಲ್ಲುವುದೂ ಇಲ್ಲ. ಸೊಸೈಟಿಯ ಬಡ್ಡಿ ಇಲ್ಲದ ಸಾಲಕ್ಕೆ ಗಡುವು ಬರುತ್ತದೆ. ತಪ್ಪಿದರೆ ಕಟಬಾಕಿದಾರನೆಂದು ಹೆಸರು ಬೀಳುತ್ತದೆ, ರಿಯಾಯಿತಿ ಹೋಗುತ್ತದೆ, ಮುಂದಿನ ವರ್ಷದ ಸಾಲವೂ ನಿಲ್ಲುತ್ತದೆ. ಅದಕ್ಕಾಗಿ ನಾಲ್ಕು ದಿನದ ಮಟ್ಟಿಗೆ ಊರಲ್ಲಿ ಕೈಗಡ ತಂದು ಸೊಸೈಟಿಗೆ ಕಟ್ಟಿ, ಹೊಸ ಸಾಲ ಎತ್ತಿ, ಕೈಗಡ ತೀರಿಸುವುದು ನಡೆದುಬಂದ ರೀತಿ. ಹೊಸ ಸಾಲ ಮಂಜೂರಾಗುವುದು ತಡವಾದಷ್ಟು ದಿನವೂ ಕೈಗಡದ ಬಡ್ಡಿ ಓಡುತ್ತಿರುತ್ತದೆ. ಉತಾರದಲ್ಲಿ ಮಾತ್ರ ಅವನು ಸರಿಯಾಗಿ ಕಟ್ಟಿದ ರೈತ. ಕೇಂದ್ರ ಸರ್ಕಾರದ 2019ರ ಮಾದರಿ ಸಮೀಕ್ಷೆಯಲ್ಲಿ ದೇಶದ ರೈತ ಕುಟುಂಬವೊಂದರ ಸರಾಸರಿ ಸಾಲ 74,121 ರೂಪಾಯಿ ಇತ್ತು, ಕರ್ನಾಟಕದಲ್ಲಿ ಅದು ಸುಮಾರು 1.26 ಲಕ್ಷ.

ಕಣಗಿನಹಾಳದ ದಾರಿ

ಸಾಲದ ಈ ಕಥೆ ಹೊಸದಲ್ಲ. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಹತ್ತಿಯ ಬೆಲೆ ಏರಿದಾಗ ಧಾರವಾಡ ಜಿಲ್ಲೆಯ ಎರಿ ಸೀಮೆಗೆ ದುಡ್ಡು ಹರಿದುಬಂತು. ಯುದ್ಧ ಮುಗಿದ ಮೇಲೆ ಬೆಲೆ ಕುಸಿಯಿತು. ಅದು ಮರೆಯುವುದರೊಳಗೆ 1876ರಿಂದ 1878ರ ಮಹಾ ಬರ. ಮುಂಬೈ ಪ್ರಾಂತ್ಯದ ಪುಣೆ, ಅಹಮದ್‌ನಗರ ಕಡೆ 1875ರಲ್ಲಿ ರೈತರು ಸಾಹುಕಾರರ ಮನೆಗೆ ನುಗ್ಗಿ ಸಾಲದ ಪತ್ರಗಳನ್ನೇ ಸುಟ್ಟರು.

ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಹಿಡಿದ ದಾರಿ ಬೇರೆ. 1904ರ ಸಹಕಾರಿ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಪತ್ತಿನ ಸಂಘವೆಂದು ಅದಕ್ಕೆ ಹೆಸರು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಮೊದಲನೆಯದೆಂಬ ಹೆಮ್ಮೆಗಿಂತ ಅದರ ಹಿಂದಿನ ತಿಳಿವಳಿಕೆ. ರೈತನಿಗೆ ಸಾಲ ಬೇಕೇ ಬೇಕು, ಅದನ್ನು ಅವನ ಹೊಲ, ಮನೆ, ನಡತೆ ಬಲ್ಲ ಊರಿನವರೇ ಕೊಡಬೇಕು ಎಂಬುದು ಅಲ್ಲಿದ್ದ ವಿಚಾರ. ಧಾರವಾಡದ ಕೆಸಿಸಿ ಬ್ಯಾಂಕ್ ಇಂದಿಗೂ ಗದಗ, ಹಾವೇರಿ ಜಿಲ್ಲೆಗಳ ಇಂಥ ಸಂಘಗಳಿಗೆ ಹಣ ಒದಗಿಸುತ್ತದೆ. ಆದರೆ ಸಂಘದ ಲೆಕ್ಕದ ಪುಸ್ತಕ ಈಗ ಉತಾರ ನೋಡುತ್ತದೆ, ಮನೆಯನ್ನಲ್ಲ.

8 ರೂಪಾಯಿ 36 ಪೈಸೆ

2022ರ ನವೆಂಬರಿನಲ್ಲಿ ಗದಗ ಜಿಲ್ಲೆಯ ರೈತರೊಬ್ಬರು 205 ಕಿಲೊ ಉಳ್ಳಾಗಡ್ಡಿಯನ್ನು ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಒಯ್ದರು. ಕ್ವಿಂಟಲ್‌ಗೆ 200 ರೂಪಾಯಿಯಂತೆ 410 ರೂಪಾಯಿ ಆಯಿತು. ಲಾರಿ ಬಾಡಿಗೆ, ಹಮಾಲಿ ಮುರಿದುಕೊಂಡ ಮೇಲೆ ಅಂಗಡಿಯ ಪಟ್ಟಿಯಲ್ಲಿ ಉಳಿದದ್ದು 8 ರೂಪಾಯಿ 36 ಪೈಸೆ. ಆ ಪಟ್ಟಿ ನಾಡಿನ ತುಂಬ ಮೊಬೈಲಿನಿಂದ ಮೊಬೈಲಿಗೆ ಓಡಾಡಿತು.

ಆ ವರ್ಷ ಅಕಾಲ ಮಳೆಗೆ ಗಡ್ಡೆ ಸಣ್ಣದಾಗಿತ್ತು, ಗುಣ ಕೆಟ್ಟಿತ್ತು. ಬೆಳೆ ಚೆನ್ನಾಗಿ ಬಂದ ವರ್ಷ ದರ ಏರಿತೆಂದರೆ ಇನ್ನೊಂದು ತೊಂದರೆ: 2019, 2020, 2023ರಲ್ಲಿ ಕೇಂದ್ರ ಸರ್ಕಾರ ಉಳ್ಳಾಗಡ್ಡಿ ರಫ್ತು ನಿಲ್ಲಿಸಿತು. ಮುಂಗಾರಿ ಉಳ್ಳಾಗಡ್ಡಿಯನ್ನು ಬಹಳ ದಿನ ಇಡಲಿಕ್ಕೂ ಬರುವುದಿಲ್ಲ.

ಹೆಸರು, ಕಡಲಿಗಾದರೆ ಬೆಂಬಲ ಬೆಲೆ ಇದೆ. 2024-25ರಲ್ಲಿ ಹೆಸರಿಗೆ ಅದು ಕ್ವಿಂಟಲ್‌ಗೆ 8,682 ರೂಪಾಯಿ ಇತ್ತು. ಖರೀದಿ ಕೇಂದ್ರ ತೆರೆಯಬೇಕು, ಹೆಸರು ನೋಂದಾಯಿಸಬೇಕು, ಕಾಳು ಒಣಗಿಸಿ ಗುಣಮಟ್ಟಕ್ಕೆ ತರಬೇಕು, ಆಮೇಲೆ ಖಾತೆಗೆ ಹಣ ಬರುವವರೆಗೆ ಕಾಯಬೇಕು. ಕಾಯುವ ಶಕ್ತಿ ಇರುವುದು ದೊಡ್ಡ ಒಕ್ಕಲಿಗೆ. ಮುಂಗಡ ತಂದವನ ರಾಶಿ ಕಣದಿಂದ ನೇರ ದಲಾಲಿ ಅಂಗಡಿಗೆ ಹೋಗುತ್ತದೆ, ದರ ಎಷ್ಟಿದ್ದರೂ.

ಹೀಗೆ ಕಾಯಿಸಿ ಕೆಡಿಸಿದ ದೊಡ್ಡ ಉದಾಹರಣೆ ಥಾಯ್ಲೆಂಡಿನದು. 2011ರಲ್ಲಿ ಅಲ್ಲಿಯ ಯಿಂಗ್ಲಕ್ ಶಿನವತ್ರ ಸರ್ಕಾರ ಟನ್ ಭತ್ತಕ್ಕೆ 15,000 ಬಾತ್ ಕೊಡುವುದಾಗಿ ಹೇಳಿತು, ಪೇಟೆಯ ದರಕ್ಕಿಂತ ಬಹಳ ಹೆಚ್ಚು. 2013ರ ಕೊನೆಯ ಹೊತ್ತಿಗೆ ಕೊಡಲು ಹಣವಿಲ್ಲದಂತಾಯಿತು. ಭತ್ತ ಒಪ್ಪಿಸಿ ರಸೀತಿ ಹಿಡಿದುಕೊಂಡಿದ್ದ ಸಣ್ಣ ರೈತರು ಮುಂದಿನ ನಾಟಿಗೆ ಖಾಸಗಿ ಬಡ್ಡಿ ಸಾಲಕ್ಕೆ ಬಿದ್ದರು. 2014ರ ಆರಂಭದಲ್ಲಿ ಟ್ರ್ಯಾಕ್ಟರ್ ಏರಿ ಬ್ಯಾಂಕಾಕ್ ಕಡೆಗೆ ಹೊರಟರು. ಬೆಲೆ ಎಷ್ಟು ಎಂಬುದರಷ್ಟೇ ಅದು ಯಾವಾಗ ಕೈಗೆ ಬರುತ್ತದೆ ಎಂಬುದೂ ಮುಖ್ಯ.

ಲಾವಣಿ ಹೊಲ, ಸಂಘದ ಕಂತು

ಸ್ವಂತ ಎರಡು ಎಕರೆ ಇಟ್ಟುಕೊಂಡು ಇನ್ನೈದು ಎಕರೆ ಲಾವಣಿ ಹಿಡಿದು ಮಾಡುವವರು ಈ ಭಾಗದಲ್ಲಿ ಬಹಳ. ರಾಜ್ಯದ ಭೂ ಸುಧಾರಣಾ ಕಾಯ್ದೆ, ಗೇಣಿದಾರನಿಗೆ ಒಡೆತನ ಕೊಡಲೆಂದೇ, ಜಮೀನು ಗೇಣಿಗೆ ಕೊಡುವುದನ್ನು ನಿಷೇಧಿಸಿತು. ಆ ಕಾಯ್ದೆ ಸಾವಿರಾರು ಮನೆಗಳಿಗೆ ಹೊಲ ಕೊಟ್ಟಿದೆ, ಅದನ್ನು ಕಡಿಮೆ ಮಾಡಿ ಹೇಳಬಾರದು. ಆದರೆ ಇಂದಿನ ಲಾವಣಿ ಬಾಯಿಮಾತಿನಲ್ಲೇ ನಡೆಯುತ್ತದೆ, ಲಾವಣಿಯ ರೊಕ್ಕವನ್ನು ಮುಂಚೆಯೇ ಎಣಿಸಬೇಕಾಗುತ್ತದೆ. ಬೆಳೆ ಸಾಲ, ಪರಿಹಾರ, ಕಿಸಾನ್ ಸಮ್ಮಾನದ ವರ್ಷಕ್ಕೆ 6,000 ಎಲ್ಲವೂ ಉತಾರದಲ್ಲಿ ಹೆಸರಿದ್ದವನಿಗೆ. ಬಿತ್ತಿ ಕಳೆದುಕೊಂಡವನಿಗೆ ಬಡ್ಡಿ ಮಾತ್ರ.

ಹೆಣ್ಣುಮಕ್ಕಳ ಹೆಸರಿನಲ್ಲಿ ಉತಾರ ಇರುವುದೂ ಅಪರೂಪ. ಅವರಿಗೆ ಸಿಗುವುದು ಮೈಕ್ರೊಫೈನಾನ್ಸ್ ಸಾಲ: ಅಡವಿಲ್ಲ, ಗುಂಪೇ ಜಾಮೀನು, ವಾರಕ್ಕೋ ಹದಿನೈದು ದಿನಕ್ಕೋ ಕಂತು. ಹೊಲದ ದುಡ್ಡು ವರ್ಷಕ್ಕೆ ಎರಡು ಸಲ ಬರುವ ಮನೆಯಲ್ಲಿ ವಾರದ ಕಂತು ಎಲ್ಲಿಂದ ಕಟ್ಟಬೇಕು? ಕೂಲಿಯಿಂದ, ಹೈನಿನಿಂದ, ಇಲ್ಲವೆಂದರೆ ಇನ್ನೊಂದು ಸಂಘದ ಸಾಲದಿಂದ. ಕಂತು ತಪ್ಪಿದರೆ ಓಣಿಯ ಹೆಂಗಸರೆದುರು ತಲೆ ತಗ್ಗಿಸಬೇಕು. ಗಜೇಂದ್ರಗಡ ಸುತ್ತಲಿನ ತಾಂಡಾಗಳಿಂದ ಗೋವಾ, ಮಂಗಳೂರಿನ ಕಡೆ ದುಡಿಯಲು ಹೋಗುವ ಮನೆಗಳ ಬೀಗದ ಹಿಂದೆ ಇಂಥ ಕಂತುಗಳೂ ಇರುತ್ತವೆ. ವಸೂಲಿಯ ಕಿರುಕುಳ ರಾಜ್ಯವ್ಯಾಪಿ ಸುದ್ದಿಯಾದ ಮೇಲೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಸುಗ್ರೀವಾಜ್ಞೆ ತಂದಿತು; ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ.

ವಿಮೆ

2016ರಿಂದ ಇರುವ ಫಸಲ್ ಬಿಮಾದಲ್ಲಿ ರೈತನ ಪಾಲು ಮುಂಗಾರಿಗೆ ಶೇ 2, ಹಿಂಗಾರಿಗೆ ಶೇ 1.5, ವಾಣಿಜ್ಯ ಮತ್ತು ತೋಟಗಾರಿಕೆ ಬೆಳೆಗೆ ಶೇ 5. ಇಳುವರಿ ಅಳೆಯುವುದು ಗ್ರಾಮ ಪಂಚಾಯಿತಿಗೆ, ಕೆಲವು ಬೆಳೆಗೆ ಹೋಬಳಿಗೆ ಒಂದರಂತೆ. ಮಳೆ ಹೋಬಳಿ ನೋಡಿ ಸುರಿಯುವುದಿಲ್ಲ. ಒಂದು ಹಳ್ಳದ ಈಚೆ ಹದವಾದರೆ ಆಚೆ ಧೂಳು. ಸಮೀಕ್ಷೆಯಲ್ಲಿ ಬೆಳೆಯ ಹೆಸರು ತಪ್ಪಾಗಿ ಬಿದ್ದರಂತೂ ಕಚೇರಿಗೆ ಅಲೆದು ಚಪ್ಪಲಿ ಸವೆಯುತ್ತದೆ.

ಮನ್ನಾ, ಮತ್ತು ನರಗುಂದದ ವೀರಗಲ್ಲು

2008ರಲ್ಲಿ ಕೇಂದ್ರ ಸರ್ಕಾರ 2 ಹೆಕ್ಟೇರಿನೊಳಗಿನ ರೈತರ ಕಟಬಾಕಿ ಪೂರ್ತಿ ಮನ್ನಾ ಮಾಡಿತು. 2017ರಲ್ಲಿ ರಾಜ್ಯ ಸರ್ಕಾರ ಸಹಕಾರಿ ಸಂಘಗಳ ಸಾಲದಲ್ಲಿ 50,000 ರೂಪಾಯಿಯವರೆಗೆ ಬಿಟ್ಟಿತು. 2018ರಲ್ಲಿ ಬ್ಯಾಂಕಿನ 2 ಲಕ್ಷದವರೆಗೆ, ಸಹಕಾರಿಯ 1 ಲಕ್ಷದವರೆಗೆ ಮನ್ನಾ ಘೋಷಣೆಯಾಯಿತು. ಬೋಜಾ ಇಳಿದ ಮನೆಗಳಲ್ಲಿ ಅದು ದೊಡ್ಡ ಉಸಿರು. ಖಾಸಗಿ ಸಾಲಕ್ಕೆಂದು ಋಣ ಪರಿಹಾರ ಕಾಯ್ದೆ 2019ರಲ್ಲಿ ಜಾರಿಗೆ ಬಂತು. ಆದರೆ ಸಾಲ ಕೊಟ್ಟವನು ಮುಂದಿನ ಬಿತ್ತನೆಗೂ ಬೇಕಾದವನೇ. ಅವನ ಮೇಲೆ ಅರ್ಜಿ ಕೊಟ್ಟು ಅದೇ ಊರಲ್ಲಿ ಬಾಳುವ ಧೈರ್ಯ ಎಷ್ಟು ಜನಕ್ಕೆ ಇತ್ತು?

ಈ ನೆಲದ ರೈತ ಬಾಕಿಯ ಎದುರು ತಲೆ ಎತ್ತಿದ್ದೂ ಉಂಟು. ಮಲಪ್ರಭಾ ಅಚ್ಚುಕಟ್ಟಿನಲ್ಲಿ ಕಾಲುವೆ ಸರಿಯಾಗಿ ಹರಿಯುವ ಮೊದಲೇ ನೀರಿನ ಕರ, ಅಭಿವೃದ್ಧಿ ಕರಗಳ ವಸೂಲಿ ಬಂದಾಗ ನರಗುಂದ, ನವಲಗುಂದದ ರೈತರು ಬೀದಿಗಿಳಿದರು. 1980ರ ಜುಲೈ 21ರಂದು ಗೋಲಿಬಾರಿನಲ್ಲಿ ರೈತರು ಸತ್ತರು. ಆ ಬೆಂಕಿಯಿಂದಲೇ ರಾಜ್ಯ ರೈತ ಸಂಘ ಮೈದಾಳಿತು. ನರಗುಂದದ ರೈತ ವೀರಗಲ್ಲಿಗೆ ಪ್ರತಿ ಜುಲೈ 21ರಂದು ಮಾಲೆ ಬೀಳುತ್ತದೆ.

ಸಾವಿನ ನಂತರದ ಕಾಗದ

ಸಾಲಕ್ಕೆ ಅಂಜಿ ಜೀವ ಕಳೆದುಕೊಂಡ ರೈತನ ಕುಟುಂಬಕ್ಕೆ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಕೊಡುತ್ತದೆ, ಹೆಂಡತಿಗೆ ತಿಂಗಳಿಗೆ 2,000 ಪಿಂಚಣಿ. ಅಷ್ಟು ದೂರ ಹೋಗುವ ಮುಂಚೆ ಮಾತಾಡಲು ಒಂದು ದನಿ ಬೇಕು. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ ಕರೆ ಮಾಡಬಹುದು. ಈ ಸಂಖ್ಯೆ ಪ್ರತಿ ಸೊಸೈಟಿಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಇರಬೇಕೆಂದು ನನ್ನ ಆಸೆ.

ಪರಿಹಾರದ ಅರ್ಜಿ ಉಪವಿಭಾಗಾಧಿಕಾರಿಯ ಸಮಿತಿಯ ಮುಂದೆ ಬಂದಾಗ ಕೇಳುವ ಕಾಗದ ಮತ್ತೆ ಅವೇ: ಉತಾರ, ಬ್ಯಾಂಕಿನ ಸಾಲದ ದಾಖಲೆ. ಲಾವಣಿ ಹಿಡಿದವನ ಹೆಂಡತಿಯ ಕೈಯಲ್ಲಿ ಎರಡೂ ಇರುವುದಿಲ್ಲ. ಕೈಗಡ ಕೊಟ್ಟವರು ಮಾತ್ರ ದಿನಕರ್ಮ ಮುಗಿಯುವವರೆಗೆ ತಡೆದಿದ್ದು, ಆಮೇಲೆ ಬಂದು ಕಟ್ಟೆಯ ಮೇಲೆ ಕೂಡುತ್ತಾರೆ. ಅಷ್ಟು ಹೊತ್ತಿಗೆ ಮೃಗಶಿರಾ ಮಳೆ ಹತ್ತಿರ ಬಂದಿದ್ದರೆ ಅವಳು ಬೀಜಕ್ಕೂ ಅವರನ್ನೇ ಕೇಳಬೇಕು.