ಸಸ್ಕ್ವೆಹಾನಾ ನದಿಯ ಸ್ಮಾಲ್‌ಮೌತ್ ಬ್ಯಾಸ್ ಕಯಾಕ್ ಮೀನುಗಾರಿಕೆ

ಸಸ್ಕ್ವೆಹಾನಾ ನದಿಯಲ್ಲಿ ಕಯಾಕ್ ಎಂಬ ಕಿರುದೋಣಿಯಲ್ಲಿ ಕುಳಿತು ಸ್ಮಾಲ್‌ಮೌತ್ ಬ್ಯಾಸ್ ಮೀನನ್ನು ಗಾಳದಿಂದ ಹಿಡಿಯುವುದು ಅಮೆರಿಕ ಸಂಯುಕ್ತ ಸಂಸ್ಥಾನದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ರೂಢಿಯಲ್ಲಿರುವ ಒಂದು ಹವ್ಯಾಸಿ ಮೀನುಗಾರಿಕೆಯಾಗಿದೆ. ಇಲ್ಲಿ ಹಿಡಿದ ಮೀನನ್ನು ಆಹಾರಕ್ಕಾಗಿ ಒಯ್ಯದೆ ಜೀವಂತವಾಗಿ ನೀರಿಗೆ ಮರಳಿ ಬಿಡುವ ಪದ್ಧತಿ ವ್ಯಾಪಕವಾಗಿದೆ. 2005ರಲ್ಲಿ ಈ ನದಿಯ ಮರಿಮೀನುಗಳು ರೋಗದಿಂದ ದೊಡ್ಡ ಪ್ರಮಾಣದಲ್ಲಿ ಸತ್ತ ನಂತರ ಈ ಪದ್ಧತಿ ನದಿಯ ಕೆಲವು ಭಾಗಗಳಲ್ಲಿ ನಿಯಮವಾಗಿಯೂ ಜಾರಿಗೆ ಬಂದಿತು.

ಮೀನಿನ ಪರಿಚಯ

ಸ್ಮಾಲ್‌ಮೌತ್ ಬ್ಯಾಸ್ ಸನ್‌ಫಿಶ್ ಕುಟುಂಬಕ್ಕೆ ಸೇರಿದ ಸಿಹಿನೀರಿನ ಮೀನು. ಇದರ ವೈಜ್ಞಾನಿಕ ನಾಮ ಮೈಕ್ರೊಪ್ಟೆರಸ್ ಡೊಲೊಮ್ಯೂ. 1802ರಲ್ಲಿ ಫ್ರಾನ್ಸಿನ ಪ್ರಕೃತಿ ವಿಜ್ಞಾನಿ ಲಾಸೆಪೇದ್ ಇದನ್ನು ವರ್ಣಿಸಿದನು. ಅವನು ಪರೀಕ್ಷಿಸಿದ ಮಾದರಿಯ ಬೆನ್ನಿನ ಈಜುರೆಕ್ಕೆ ಹಾನಿಗೊಂಡಿದ್ದುದರಿಂದ ‘ಕಿರುರೆಕ್ಕೆ’ ಎಂಬ ಅರ್ಥದ ಕುಲನಾಮವೂ, ಖನಿಜ ವಿಜ್ಞಾನಿ ಡೊಲೊಮ್ಯೂವಿನ ಗೌರವಾರ್ಥವಾಗಿ ಪ್ರಭೇದನಾಮವೂ ಬಂದವು. ಡಾಲೊಮೈಟ್ ಎಂಬ ಖನಿಜದ ಹೆಸರೂ ಅದೇ ವಿಜ್ಞಾನಿಯಿಂದ ಬಂದುದಾಗಿದೆ.

ಈ ಮೀನಿನ ಮೈಬಣ್ಣ ಕಂಚಿನಂತೆ ಕಂದು. ಪಕ್ಕೆಗಳಲ್ಲಿ ಅಸ್ಪಷ್ಟವಾದ ಲಂಬ ಪಟ್ಟೆಗಳಿರುತ್ತವೆ. ಕಣ್ಣು ಹಲವು ವೇಳೆ ಕೆಂಪಾಗಿರುತ್ತದೆ. ಲಾರ್ಜ್‌ಮೌತ್ ಬ್ಯಾಸ್ ಎಂಬ ಹತ್ತಿರದ ಪ್ರಭೇದದಲ್ಲಿ ಮೇಲ್ದವಡೆಯು ಕಣ್ಣಿನ ಹಿಂದಿನವರೆಗೆ ಚಾಚಿಕೊಂಡಿರುತ್ತದೆ; ಸ್ಮಾಲ್‌ಮೌತ್‌ನಲ್ಲಿ ಅದು ಕಣ್ಣನ್ನು ದಾಟುವುದಿಲ್ಲ. ಕ್ರೇಫಿಶ್, ಸಣ್ಣ ಮೀನು ಹಾಗೂ ಜಲಕೀಟಗಳು ಇದರ ಮುಖ್ಯ ಆಹಾರ.

ವಸಂತದಲ್ಲಿ ನೀರಿನ ಉಷ್ಣತೆ ಸುಮಾರು 15 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಗಂಡು ಮೀನು ಜಲ್ಲಿಕಲ್ಲಿನ ತಳವನ್ನು ಬಾಲದಿಂದ ಗುಡಿಸಿ ತಟ್ಟೆಯಾಕಾರದ ಗೂಡು ಮಾಡುತ್ತದೆ. ಹೆಣ್ಣು ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಮೊಟ್ಟೆಗಳನ್ನೂ ಅನಂತರ ಮರಿಗಳನ್ನೂ ಕಾಯುವ ಹೊಣೆ ಗಂಡಿನದು. ಈ ಅವಧಿಯಲ್ಲಿ ಗಂಡನ್ನು ಗಾಳದಿಂದ ಮೇಲೆತ್ತಿದರೆ, ಅದು ಗೂಡಿಗೆ ಮರಳುವ ಮುನ್ನವೇ ಇತರ ಮೀನುಗಳು ಮೊಟ್ಟೆ, ಮರಿಗಳನ್ನು ತಿಂದುಬಿಡುವುದುಂಟು. ಆದುದರಿಂದ ಮೀನನ್ನು ಬಿಟ್ಟುಬಿಟ್ಟರೂ ಸಂತತಿಗೆ ನಷ್ಟವಾಗಬಹುದು.

ನದಿಗೆ ಬಂದ ಬಗೆ

ಈ ಮೀನಿನ ಮೂಲನೆಲೆ ಮಹಾಸರೋವರಗಳು, ಸೇಂಟ್ ಲಾರೆನ್ಸ್ ನದಿ, ಒಹಾಯೊ ಹಾಗೂ ಮೇಲಿನ ಮಿಸಿಸಿಪ್ಪಿ ನದಿಗಳ ಜಲಾನಯನ ಪ್ರದೇಶ. ಅಟ್ಲಾಂಟಿಕ್ ಸಾಗರವನ್ನು ಸೇರುವ ಸಸ್ಕ್ವೆಹಾನಾ ನದಿಗೆ ಇದು ಸಹಜವಾಗಿ ಬಂದುದಲ್ಲ. 1854ರಲ್ಲಿ ಒಹಾಯೊ ಜಲಾನಯನದಿಂದ ಕೆಲವು ಮೀನುಗಳನ್ನು ಬಾಲ್ಟಿಮೋರ್–ಒಹಾಯೊ ರೈಲ್ವೆಯ ಎಂಜಿನ್ನಿನ ನೀರಿನ ತೊಟ್ಟಿಯಲ್ಲಿ ಸಾಗಿಸಿ ಪೊಟೊಮ್ಯಾಕ್ ನದಿಯ ಪ್ರದೇಶದಲ್ಲಿ ಬಿಡಲಾಯಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಸಸ್ಕ್ವೆಹಾನಾ ನದಿಯಲ್ಲಿಯೂ ಇದನ್ನು ಬಿಡಲಾಗಿ, ಅದು ಅಲ್ಲಿ ನೆಲೆಯೂರಿತು.

ನದಿ ಮತ್ತು ದೋಣಿ

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಬಳಿಯ ಆಟ್ಸೆಗೊ ಸರೋವರದಲ್ಲಿ ಹುಟ್ಟುವ ಸಸ್ಕ್ವೆಹಾನಾ ಸುಮಾರು 715 ಕಿ.ಮೀ. ಹರಿದು ಮೇರಿಲ್ಯಾಂಡಿನಲ್ಲಿ ಚೆಸಪೀಕ್ ಕೊಲ್ಲಿಯನ್ನು ಸೇರುತ್ತದೆ. ಪೆನ್ಸಿಲ್ವೇನಿಯಾದ ರಾಜಧಾನಿ ಹ್ಯಾರಿಸ್‌ಬರ್ಗ್ ಪರಿಸರದಲ್ಲಿ ಇದು ಬಹಳ ಅಗಲವಾಗಿಯೂ ಆಳವಿಲ್ಲದೆಯೂ ಹರಿಯುತ್ತದೆ. ನದಿಯನ್ನು ಅಡ್ಡಹಾಯುವ ಬಂಡೆಸಾಲುಗಳು, ಸಣ್ಣ ದ್ವೀಪಗಳು ಮತ್ತು ಜಲಸಸ್ಯಗಳ ಹಾಸುಗಳು ಬೇಸಿಗೆಯಲ್ಲಿ ದೊಡ್ಡ ಯಂತ್ರದೋಣಿಗಳ ಸಂಚಾರಕ್ಕೆ ಅಡ್ಡಿಯಾಗುತ್ತವೆ. ಕಯಾಕ್ ಕೆಲವೇ ಅಂಗುಲ ನೀರಿನಲ್ಲಿಯೂ ತೇಲುತ್ತದೆ, ಸದ್ದು ಮಾಡುವುದಿಲ್ಲ, ಅಗತ್ಯವಿದ್ದಲ್ಲಿ ಬಂಡೆಗಳ ಮೇಲಿಂದ ಎಳೆದೊಯ್ಯಲೂ ಬರುತ್ತದೆ. ಆರ್ಕ್ಟಿಕ್ ಪ್ರದೇಶದ ಜನರ ಬೇಟೆದೋಣಿಯಿಂದ ಬೆಳೆದುಬಂದ ಇದರಲ್ಲಿ, ಮೇಲ್ಭಾಗದಲ್ಲಿ ತೆರೆದ ಆಸನವುಳ್ಳ ಪ್ಲಾಸ್ಟಿಕ್ ಮಾದರಿಗಳು ಮೀನುಗಾರಿಕೆಗೆ ಹೆಚ್ಚು ಬಳಕೆಯಲ್ಲಿವೆ.

ಹಿಡಿಯುವ ವಿಧಾನ

ಪಯಣವನ್ನು ಸಾಮಾನ್ಯವಾಗಿ ಮೇಲ್ದಂಡೆಯ ಒಂದು ಸ್ಥಳದಲ್ಲಿ ಆರಂಭಿಸಿ, ಪ್ರವಾಹದೊಂದಿಗೆ ತೇಲುತ್ತ ಕೆಳಗಿನ ಇನ್ನೊಂದು ಸ್ಥಳದಲ್ಲಿ ಮುಗಿಸಲಾಗುತ್ತದೆ. ಸ್ಮಾಲ್‌ಮೌತ್ ಹರಿವಿನ ರಭಸದಲ್ಲಿ ನಿಲ್ಲದೆ, ಬಂಡೆಯ ಹಿಂದಿನ ನಿಧಾನಗತಿಯ ನೀರಿನಲ್ಲಿ ಅಥವಾ ವೇಗದ ಮತ್ತು ನಿಧಾನದ ಹರಿವುಗಳು ಕೂಡುವ ಅಂಚಿನಲ್ಲಿ ನಿಂತು, ಹರಿದುಬರುವ ಆಹಾರವನ್ನು ಕಾಯುತ್ತದೆ. ಆದಕಾರಣ ಎರೆಯನ್ನು ಬಂಡೆಯ ಮೇಲ್ಭಾಗಕ್ಕೆ ಎಸೆದು, ಪ್ರವಾಹವೇ ಅದನ್ನು ಮೀನಿನತ್ತ ಒಯ್ಯುವಂತೆ ಮಾಡುತ್ತಾರೆ.

ಹಗುರ ಅಥವಾ ಮಧ್ಯಮ ಬಿಗುವಿನ ಗಾಳದ ಕೋಲು ಮತ್ತು ಸ್ಪಿನ್ನಿಂಗ್ ರೀಲ್ ಸಾಮಾನ್ಯ ಸಲಕರಣೆಗಳು. ಕ್ರೇಫಿಶ್‌ನ್ನು ಹೋಲುವ ಮೃದು ಪ್ಲಾಸ್ಟಿಕ್ಕಿನ ಕೃತಕ ಎರೆಗಳನ್ನು ನದಿಯ ತಳದಲ್ಲಿಯೂ, ಸಣ್ಣ ಮೀನನ್ನು ಹೋಲುವ ಎರೆಗಳನ್ನು ನಡುನೀರಿನಲ್ಲಿಯೂ ಚಲಿಸುವಂತೆ ಮಾಡುತ್ತಾರೆ. ಬೇಸಿಗೆಯ ಮುಂಜಾನೆ ಮತ್ತು ಸಂಜೆ ನೀರಿನ ಮೇಲ್ಮೈಯಲ್ಲಿ ಸದ್ದು ಮಾಡುವ ಎರೆಗಳು ಫಲಕಾರಿ. ಚಳಿಗಾಲದಲ್ಲಿ ಮೀನು ಆಳವಾದ ಮಡುಗಳಿಗೆ ಸರಿಯುವುದರಿಂದ ಎರೆಯನ್ನು ಬಹು ನಿಧಾನವಾಗಿ ಎಳೆಯಬೇಕಾಗುತ್ತದೆ.

ಮೀನನ್ನು ಬಿಡುವಾಗ ಕೈಗಳನ್ನು ಒದ್ದೆ ಮಾಡಿಕೊಳ್ಳುವುದರಿಂದ ಅದರ ಮೈಮೇಲಿನ ರಕ್ಷಕ ಲೋಳೆ ಉಳಿಯುತ್ತದೆ. ಮುಳ್ಳಿಲ್ಲದ ಗಾಳ ಬಳಸಿದರೆ ಗಾಯವೂ ಮೀನು ನೀರಿನ ಹೊರಗಿರುವ ಸಮಯವೂ ಕಡಿಮೆಯಾಗುತ್ತವೆ.

ಸುರಕ್ಷತೆ

ನದಿಗೆ ಅಡ್ಡಲಾಗಿ ಕಟ್ಟಿದ ತಗ್ಗು ಒಡ್ಡುಗಳು ಕಯಾಕ್ ಯಾತ್ರಿಗಳಿಗೆ ಅತಿ ದೊಡ್ಡ ಅಪಾಯ. ಮೇಲಿನಿಂದ ಬರುವವರಿಗೆ ಒಡ್ಡು ಸರಿಯಾಗಿ ಕಾಣಿಸದು. ಅದರ ಕೆಳಗೆ ನೀರು ಹಿಮ್ಮುಖವಾಗಿ ಸುತ್ತುವುದರಿಂದ ಸಿಲುಕಿದವರು ಹೊರಬರುವುದು ಕಷ್ಟ. ಹ್ಯಾರಿಸ್‌ಬರ್ಗಿನ ಡಾಕ್ ಸ್ಟ್ರೀಟ್ ಒಡ್ಡಿನಲ್ಲಿ ಅನೇಕರು ಪ್ರಾಣ ಕಳೆದುಕೊಂಡಿದ್ದಾರೆ. ರಭಸದ ಹರಿವಿನಲ್ಲಿ ದೋಣಿಯ ಪಕ್ಕದಿಂದ ಲಂಗರು ಹಾಕಿದರೂ ದೋಣಿ ಮಗುಚಬಹುದು. ಪೆನ್ಸಿಲ್ವೇನಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 30ರವರೆಗೆ ಕಯಾಕ್‌ನಲ್ಲಿರುವವರು ಜೀವರಕ್ಷಕ ಕವಚವನ್ನು ಧರಿಸಿಯೇ ಇರಬೇಕೆಂಬ ನಿಯಮವಿದೆ. ತಣ್ಣೀರಿಗೆ ಹಠಾತ್ತನೆ ಬಿದ್ದಾಗ ಈಜು ಬಲ್ಲವರೂ ಶಕ್ತಿಗುಂದುವುದು ಇದಕ್ಕೆ ಕಾರಣ.

ಮರಿಮೀನುಗಳ ಸಾವು ಮತ್ತು ನಿಯಮಗಳು

2005ರ ಬೇಸಿಗೆಯಲ್ಲಿ ಸಸ್ಕ್ವೆಹಾನಾದ ಮಧ್ಯಭಾಗದಲ್ಲಿ ಆ ವರ್ಷ ಹುಟ್ಟಿದ ಬ್ಯಾಸ್ ಮರಿಗಳು ಮೈಮೇಲೆ ಹುಣ್ಣುಗಳೊಂದಿಗೆ ಸಾಯುತ್ತಿರುವುದು ಕಂಡುಬಂದಿತು. ಮುಂದಿನ ವರ್ಷಗಳಲ್ಲಿಯೂ ಇದು ಮರುಕಳಿಸಿ, ಬೆಳೆದ ಮೀನುಗಳ ಸಂಖ್ಯೆ ಕುಸಿಯಿತು. ಕೆಲವು ಗಂಡು ಮೀನುಗಳ ವೃಷಣಗಳಲ್ಲಿ ಅಪಕ್ವ ಅಂಡಗಳಿರುವುದನ್ನೂ ಸಂಶೋಧಕರು ಗುರುತಿಸಿದರು. ರಾಜ್ಯದ ಪರಿಸರ ಸಂರಕ್ಷಣಾ ಇಲಾಖೆ ಹಾಗೂ ಮೀನು ಮತ್ತು ದೋಣಿ ಆಯೋಗಗಳು 2015ರ ಡಿಸೆಂಬರಿನಲ್ಲಿ ಪ್ರಕಟಿಸಿದ ಅಧ್ಯಯನವು, ಹಾರ್ಮೋನುಗಳ ಕಾರ್ಯವನ್ನು ಕೆಡಿಸುವ ರಾಸಾಯನಿಕಗಳು ಮತ್ತು ಕಳೆನಾಶಕಗಳು ಒಂದೆಡೆ, ರೋಗಾಣು ಹಾಗೂ ಪರೋಪಜೀವಿಗಳು ಇನ್ನೊಂದೆಡೆ, ಅತಿ ಸಂಭವನೀಯ ಕಾರಣಗಳೆಂದು ಹೇಳಿತು.

ಆಯೋಗವು 2011ರಿಂದ ನದಿಯ ಬಾಧಿತ ಭಾಗಗಳಲ್ಲಿ ಹಿಡಿದ ಬ್ಯಾಸ್ ಮೀನನ್ನು ಕೂಡಲೇ ಬಿಡಬೇಕೆಂದು ವಿಧಿಸಿತು. 2012ರಲ್ಲಿ ಮೇ ಆರಂಭದಿಂದ ಜೂನ್ ಮಧ್ಯದವರೆಗಿನ ಗೂಡು ಕಾಯುವ ಕಾಲದಲ್ಲಿ ಬ್ಯಾಸ್ ಹಿಡಿಯಲು ಯತ್ನಿಸುವುದನ್ನೇ ನಿಷೇಧಿಸಿತು. ಅನಂತರದ ವರ್ಷಗಳಲ್ಲಿ ಮೀನುಗಳ ಸಂಖ್ಯೆ ಚೇತರಿಸಿಕೊಂಡಿತು. ಈ ನಿಯಮಗಳು ಕಾಲಕಾಲಕ್ಕೆ ಪರಿಷ್ಕೃತವಾಗುತ್ತವೆ.

ಇತರ ಪ್ರದೇಶಗಳಲ್ಲಿ

ಸಸ್ಕ್ವೆಹಾನಾದಲ್ಲಿ ರಕ್ಷಣೆ ಪಡೆದಿರುವ ಈ ಮೀನೇ ಬೇರೆಡೆ ಹಾನಿಕಾರಕ ಆಗಂತುಕವೆನಿಸಿದೆ. ಅಮೆರಿಕದ ವಾಯವ್ಯದ ಕೊಲಂಬಿಯಾ ನದಿಯಲ್ಲಿ ಇದು ಸಾಲ್ಮನ್ ಮರಿಗಳನ್ನು ತಿನ್ನುತ್ತದೆ. ಜಪಾನ್ 2005ರಲ್ಲಿ ಇದನ್ನು ಆಕ್ರಮಣಕಾರಿ ಪ್ರಭೇದಗಳ ಪಟ್ಟಿಗೆ ಸೇರಿಸಿತು. ದಕ್ಷಿಣ ಆಫ್ರಿಕಾದ ರೊಂಡೆಗಾಟ್ ನದಿಯಲ್ಲಿ ಸ್ಥಳೀಯ ಮೀನುಗಳನ್ನು ಉಳಿಸಲು 2012ರಲ್ಲಿ ರೊಟೆನೋನ್ ಎಂಬ ವಿಷವನ್ನು ಬಳಸಿ ಈ ಮೀನನ್ನು ನಿರ್ಮೂಲಗೊಳಿಸುವ ಕಾರ್ಯ ಕೈಗೊಳ್ಳಲಾಯಿತು.