ದೇಹೂವಿನ ಸ್ವಪ್ನದೀಕ್ಷೆ

ಪ್ರಾಚೀನ ಭಾರತದ ವೈದ್ಯಗ್ರಂಥವಾದ ಚರಕಸಂಹಿತೆಯು ಕನಸುಗಳನ್ನು ಏಳು ಬಗೆಯಾಗಿ ವಿಂಗಡಿಸಿ, ಕಂಡದ್ದು, ಕೇಳಿದ್ದು, ಅನುಭವಿಸಿದ್ದು, ಬಯಸಿದ್ದು ಮತ್ತು ಕಲ್ಪಿಸಿದ್ದರಿಂದ ಹುಟ್ಟುವ ಮೊದಲ ಐದನ್ನು ನಿಷ್ಫಲವೆಂದು ಬದಿಗಿರಿಸುತ್ತದೆ. ಆದರೆ ಪುಣೆಯ ಸಮೀಪ, ಇಂದ್ರಾಯಣಿ ನದಿಯ ದಂಡೆಯಲ್ಲಿರುವ ದೇಹೂ ಗ್ರಾಮದ ವಾರಕರಿ ಪರಂಪರೆಯು, ಅಂದರೆ ಪಂಢರಪುರದ ವಿಠ್ಠಲನ ಯಾತ್ರೆಯನ್ನು ವ್ರತವಾಗಿ ನಡೆಸುವ ಭಕ್ತಪಂಥವು, ಕನಸನ್ನು ಶುಭಾಶುಭಗಳ ಸೂಚನೆಯಾಗಿ ಮಾತ್ರ ಕಾಣದೆ ಗುರೂಪದೇಶವಾಗಿಯೂ ಅರ್ಥೈಸಿತು. 17ನೆಯ ಶತಮಾನದ ಸಂತ ತುಕಾರಾಮರು ಗುರು ಬಾಬಾಜಿ ಚೈತನ್ಯರಿಂದ ತಮಗೆ ಮಂತ್ರ ದೊರೆತದ್ದು ಕನಸಿನಲ್ಲಿಯೇ ಎಂದೂ, ಹಿಂದಿನ ಕಾಲದ ಸಂತ ನಾಮದೇವರು ವಿಠ್ಠಲನೊಡನೆ ಕನಸಿಗೆ ಬಂದು ಕವಿತೆ ರಚಿಸಲು ಆಜ್ಞಾಪಿಸಿದರೆಂದೂ ತಮ್ಮ ಅಭಂಗಗಳಲ್ಲಿ, ಅಂದರೆ ಮರಾಠಿ ಭಕ್ತಿಪದ್ಯಗಳಲ್ಲಿ, ಹೇಳಿಕೊಂಡಿದ್ದಾರೆ. ಬ್ರಾಹ್ಮಣ ಕುಟುಂಬದ ಬಹಿಣಾಬಾಯಿಯು ಕೊಲ್ಹಾಪುರದಲ್ಲಿದ್ದಾಗ ತುಕಾರಾಮರನ್ನು ಕನಸಿನಲ್ಲಿ ಕಂಡು ಗುರುವಾಗಿ ಸ್ವೀಕರಿಸಿದ್ದನ್ನು ಆಕೆಯ ಆತ್ಮಕಥನರೂಪದ ಅಭಂಗಗಳು ವಿವರಿಸುತ್ತವೆ. ಶೂದ್ರರೆನಿಸಿಕೊಂಡ ತುಕಾರಾಮರನ್ನು ಗುರುವೆಂದು ಒಪ್ಪದ ಪತಿಯ ವಿರೋಧದ ನಡುವೆಯೂ ಆಕೆ ಅಚಲಳಾಗಿ ನಿಂತಳು.

ಕನ್ನಡ ಹರಿದಾಸ ಪರಂಪರೆಯಲ್ಲಿಯೂ ವಿಜಯದಾಸರಿಗೆ ಕಾಶಿಯಲ್ಲಿ ಹಿಂದಿನ ಕಾಲದ ಹರಿದಾಸರಾದ ಪುರಂದರದಾಸರು ಕನಸಿನಲ್ಲಿ ಕಾಣಿಸಿಕೊಂಡು 'ವಿಜಯವಿಠಲ' ಎಂಬ ಅಂಕಿತವನ್ನು, ಅಂದರೆ ಕೃತಿಯ ಕೊನೆಗೆ ಬರುವ ಮುದ್ರಿಕೆಯನ್ನು, ಅನುಗ್ರಹಿಸಿದರೆಂಬ ನಂಬಿಕೆಯಿದೆ. ವಿಠ್ಠಲಭಕ್ತಿಯಿಂದ ಬೆಸೆದುಕೊಂಡ ಮರಾಠಿ ಮತ್ತು ಕನ್ನಡ ನಾಡುಗಳೆರಡರಲ್ಲೂ ಕನಸು ಕಾಲದ ಅಂತರವನ್ನು ದಾಟಿ ಗುರುಶಿಷ್ಯರನ್ನು ಕೂಡಿಸಿತು. ದೇಹೂವಿನ ಪರಂಪರೆಯಲ್ಲಂತೂ ಕನಸು ಹೆಣ್ಣಿಗೆ ಜಾತಿಯ ಕಟ್ಟುಪಾಡನ್ನು ಮೀರುವ ಆಧ್ಯಾತ್ಮಿಕ ಅಧಿಕಾರವನ್ನು ಕೊಟ್ಟದ್ದೇ ಅದರ ದೊಡ್ಡ ಚಾರಿತ್ರಿಕ ಮಹತ್ವವಾಗಿದೆ.